ಬೆಲೆಯ ಪಕ್ಕದಲ್ಲೊಂದು ಕ್ಯಾಲೊರಿ

ದೊಡ್ಡ ಹೋಟೆಲುಗಳ ತಿಂಡಿಪಟ್ಟಿಯಲ್ಲಿ ಈಗ ದರದ ಜೊತೆಗೆ ಕ್ಯಾಲೊರಿಯೂ ಅಚ್ಚಾಗಿರುತ್ತದೆ. ಅದನ್ನು ನೋಡಿ ಹುಡುಗ ಹುಡುಗಿಯರು ತಿನ್ನುವುದನ್ನು ಬದಲಿಸುತ್ತಾರೆಯೇ? ಓದಲೆಂದು ಊರು ಬಿಡುವ ಮಕ್ಕಳಿಗೂ ಅವರನ್ನು ಕಳಿಸಿಕೊಡುವ ಹೆತ್ತವರಿಗೂ ಆ ಸಂಖ್ಯೆಯನ್ನು ಓದುವ ಬಗೆ ತಿಳಿದಿರುವುದು ಒಳ್ಳೆಯದು.

ಸಕಲೇಶಪುರ ದಾಟಿ ಮಂಗಳೂರಿನ ಕಡೆಗೆ ಹೊರಟರೆ, ಶಿರಾಡಿ ಘಾಟಿ ಇಳಿಯುವ ಮೊದಲು ಸಿಗುವ ಊರು ದೋಣಿಗಲ್. ರಾಷ್ಟ್ರೀಯ ಹೆದ್ದಾರಿ 75, ಘಾಟಿ ಹತ್ತಿಳಿಯುವ ರೈಲು ಹಳಿ, ಸುತ್ತ ಕಾಫಿ ತೋಟ, ಹತ್ತಿರದ ಗುಡ್ಡದ ಮೇಲೆ ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆ. ಮಳೆ, ಮಂಜು, ತಿರುವುಗಳ ಈ ದಾರಿಯಲ್ಲಿ ಹೊಟ್ಟೆಗೆ ಏನಾದರೂ ಹಾಕಿಕೊಳ್ಳದೆ ಘಾಟಿಗೆ ಇಳಿಯುವವರು ಕಡಿಮೆ. ಲಾರಿ ಚಾಲಕರು, ಪ್ರವಾಸಿಗಳು, ರಜೆಗೆ ಊರಿಗೆ ಬರುವ ವಿದ್ಯಾರ್ಥಿಗಳು ಎಲ್ಲರೂ ಹೆದ್ದಾರಿ ಬದಿಯ ಹೋಟೆಲಿನ ಗಿರಾಕಿಗಳೇ. ಅಂಥ ಹೋಟೆಲಿನ ಗೋಡೆಯ ಬೋರ್ಡಿನಲ್ಲಿ ಇಡ್ಲಿ, ವಡೆ, ಪೂರಿ, ಮಸಾಲೆ ದೋಸೆ, ಪರೋಟ, ಕಾಫಿ ಎಂದು ಸಾಲಾಗಿ ಬರೆದಿರುತ್ತದೆ. ಪ್ರತಿಯೊಂದರ ಎದುರು ಬೆಲೆ. ಅಲ್ಲಿಗೆ ಮುಗಿಯಿತು.

ಸಕಲೇಶಪುರ, ಆಲೂರು ಸೀಮೆಯ ಮಕ್ಕಳು ಹತ್ತನೆಯ ತರಗತಿಯೋ ಪಿ.ಯು.ಸಿ.ಯೋ ಮುಗಿಸಿ ಹಾಸನ, ಮೈಸೂರು, ಮಂಗಳೂರು, ಬೆಂಗಳೂರಿಗೆ ಓದಲು ಹೋಗುವುದು ಹೊಸದೇನಲ್ಲ. ಅಮ್ಮ ಬಡಿಸಿದ ಕಡುಬು, ಅಕ್ಕಿ ರೊಟ್ಟಿ, ಕಳಲೆ ಪಲ್ಯ ಉಂಡು ಬೆಳೆದವರು ಅವರು. ಹಾಸ್ಟೆಲು ಅಥವಾ ಪಿ.ಜಿ. ಸೇರಿದ ಮೇಲೆ, ಇವತ್ತು ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂಬುದನ್ನು ಮೊದಲ ಬಾರಿಗೆ ತಾವೇ ತೀರ್ಮಾನಿಸುತ್ತಾರೆ. ನಗರದ ಕಾಫಿ ಅಂಗಡಿಗೋ ಪಿಜ್ಜಾ, ಬರ್ಗರ್ ಮಾರುವ ಮಳಿಗೆಗೋ ಹೋದಾಗ ಬೆಲೆಯ ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಕಾಣಿಸುತ್ತದೆ. ಬಹಳ ಮಂದಿ ಅದನ್ನು ನೋಡುವುದೇ ಇಲ್ಲ. ಕೆಲವರು ನೋಡಿ ನಕ್ಕು ಮರೆಯುತ್ತಾರೆ. ಇನ್ನು ಕೆಲವರು ಅದಕ್ಕೆ ಹೆದರಿ ಊಟವನ್ನೇ ಬಿಡುತ್ತಾರೆ.

ನಿಯಮ ಏನು ಹೇಳುತ್ತದೆ?

ಈ ಸಂಖ್ಯೆಯ ಹಿಂದೆ ಕಾನೂನು ಇದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯಡಿ ರಚನೆಯಾದ ಪ್ರಾಧಿಕಾರ 2020ರಲ್ಲಿ ಲೇಬಲ್ ಮತ್ತು ಪ್ರದರ್ಶನ ಕುರಿತ ನಿಯಮಗಳನ್ನು ಹೊರಡಿಸಿತು. ಹೋಟೆಲುಗಳಿಗೆ ಸಂಬಂಧಿಸಿದ ಭಾಗ ಜಾರಿಗೆ ಬಂದದ್ದು 2022ರಲ್ಲಿ. ಅದರ ಪ್ರಕಾರ, ಕೇಂದ್ರ ಪರವಾನಗಿ ಇರುವ ಅಥವಾ 10 ಮತ್ತು ಅದಕ್ಕಿಂತ ಹೆಚ್ಚು ಕಡೆ ಶಾಖೆಗಳಿರುವ ಹೋಟೆಲುಗಳು ತಮ್ಮ ಪಟ್ಟಿಯಲ್ಲಿ ಪ್ರತಿ ತಿನಿಸಿನ ಎದುರು ಒಂದು ಪ್ಲೇಟಿನ ಪ್ರಮಾಣ ಎಷ್ಟು, ಅದರಲ್ಲಿ ಕ್ಯಾಲೊರಿ ಎಷ್ಟು ಎಂದು ತೋರಿಸಬೇಕು. ಸಾಧಾರಣ ಚಟುವಟಿಕೆಯ ವಯಸ್ಕರಿಗೆ ದಿನಕ್ಕೆ 2,000 ಕಿಲೊ ಕ್ಯಾಲೊರಿ ಬೇಕು, ಆದರೆ ಒಬ್ಬೊಬ್ಬರ ಅಗತ್ಯ ಬೇರೆ ಇರಬಹುದು ಎಂಬ ಒಂದು ಸಾಲನ್ನೂ ಹಾಕಬೇಕು. ಮೊಬೈಲಿನಲ್ಲಿ ಊಟ ತರಿಸಿಕೊಡುವ ಕಂಪನಿಗಳು ಕೂಡ ಹೋಟೆಲಿನವರಿಂದ ಈ ವಿವರ ಪಡೆದು ಗಿರಾಕಿಗೆ ತೋರಿಸಬೇಕು.

ಒಂದೇ ಕಡೆ ನಡೆಯುವ ಹೋಟೆಲು, ಬೇಕರಿ, ಮೆಸ್ಸು, ತಳ್ಳುಗಾಡಿ ಸಾಮಾನ್ಯವಾಗಿ ಈ ನಿಯಮದ ಹೊರಗೆ. ಅದಕ್ಕೆ ಕಾರಣವೂ ಇದೆ. ಸರಣಿ ಹೋಟೆಲಿನಲ್ಲಿ ಎಲ್ಲವೂ ತೂಕ ಮಾಡಿದ್ದು. ಬೆಂಗಳೂರಿನ ಬರ್ಗರಿಗೂ ಹಾಸನದ ಬರ್ಗರಿಗೂ ವ್ಯತ್ಯಾಸವಿರುವುದಿಲ್ಲ. ಸಣ್ಣ ಹೋಟೆಲಿನಲ್ಲಿ ಭಟ್ಟರ ಕೈಯೇ ಅಳತೆ. ಇವತ್ತಿನ ದೋಸೆಗೆ ಬಿದ್ದಷ್ಟೇ ಎಣ್ಣೆ ನಾಳೆಯ ದೋಸೆಗೂ ಬೀಳುತ್ತದೆಂದು ಹೇಳುವವರು ಯಾರು? ಹೀಗಾಗಿ, ನಮ್ಮ ಹುಡುಗರು ದಿನವೂ ತಿನ್ನುವ ಕಡೆಗಳಲ್ಲಿ ಈ ಸಂಖ್ಯೆ ಇಲ್ಲ, ಅಪರೂಪಕ್ಕೆ ಹೋಗುವ ಕಡೆ ಇದೆ.

ನೀರು ಕಾಯಿಸುವ ಲೆಕ್ಕ

ಕ್ಯಾಲೊರಿ ಎಂಬುದು ಶಾಖದ ಅಳತೆ. ಒಂದು ಲೀಟರು ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು ಬೇಕಾದ ಶಾಖವೇ ಒಂದು ಕಿಲೊ ಕ್ಯಾಲೊರಿ. ಆಹಾರದ ವಿಷಯದಲ್ಲಿ ಜನ ‘ಕಿಲೊ’ ಬಿಟ್ಟು ಬರೀ ಕ್ಯಾಲೊರಿ ಎನ್ನುತ್ತಾರೆ. ಒಲೆಯಲ್ಲಿ ಸೌದೆ ಉರಿದಂತೆ ಮೈಯಲ್ಲಿ ಅನ್ನ ಉರಿಯುತ್ತದೆ. ಸೌದೆಯ ಶಾಖವನ್ನು ಅಳೆಯಬಹುದಾದರೆ ಅನ್ನದ್ದನ್ನೂ ಅಳೆಯಬಹುದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ವಿಲ್ಬರ್ ಅಟ್ವಾಟರ್ ಎಂಬ ವಿಜ್ಞಾನಿ ಒಂದು ಕೋಣೆಯಂಥ ಯಂತ್ರದೊಳಗೆ ಮನುಷ್ಯರನ್ನೇ ಇರಿಸಿ, ಅವರು ತಿಂದದ್ದೆಷ್ಟು, ಅವರ ಮೈಯಿಂದ ಹೊರಟ ಶಾಖವೆಷ್ಟು ಎಂದು ಲೆಕ್ಕ ಹಾಕಿದ. ಆ ಬಗೆಯ ಕೆಲಸದಿಂದ ಬಂದ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಪಿಷ್ಟ ಮತ್ತು ಸಕ್ಕರೆ ಗ್ರಾಂಗೆ 4, ಪ್ರೋಟೀನು ಗ್ರಾಂಗೆ 4, ಕೊಬ್ಬು ಗ್ರಾಂಗೆ 9.

ಈ ಮೂರು ಅಂಕಿಗಳನ್ನು ನೆನಪಿಟ್ಟುಕೊಂಡರೆ ಅರ್ಧ ಪಾಠ ಮುಗಿದಂತೆ. ಅಕ್ಕಿ, ರಾಗಿ, ಗೋಧಿಗಳಲ್ಲಿ ಯಾವುದರಲ್ಲಿ ಕ್ಯಾಲೊರಿ ಹೆಚ್ಚು ಎಂದು ಮನೆಗಳಲ್ಲಿ ವಾದ ನಡೆಯುವುದುಂಟು. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 350, ರಾಗಿಯಲ್ಲಿ ಸುಮಾರು 320. ಹೇಳಿಕೊಳ್ಳುವಂಥ ಅಂತರವೇನೂ ಇಲ್ಲ. ತಟ್ಟೆಯ ಲೆಕ್ಕ ತಪ್ಪುವುದು ಹೆಚ್ಚಾಗಿ ಎಣ್ಣೆ, ಬೆಣ್ಣೆ, ಸಕ್ಕರೆಗಳ ಕಡೆಯಿಂದ.

ಹಸಿವಿನ ಅಳತೆಗೋಲು

ನಮ್ಮ ದೇಶದಲ್ಲಿ ಕ್ಯಾಲೊರಿಗೆ ಇನ್ನೊಂದು ಚರಿತ್ರೆ ಇದೆ. ಅದು ಇಲ್ಲಿಗೆ ಬಂದದ್ದು ಬೊಜ್ಜನ್ನು ಅಳೆಯಲು ಅಲ್ಲವೇ ಅಲ್ಲ. ನೀಲಗಿರಿಯ ಕೂನೂರಿನ ಪ್ರಯೋಗಾಲಯದಲ್ಲಿದ್ದ ಡಬ್ಲ್ಯು.ಆರ್. ಅಯ್ಕ್ರಾಯ್ಡ್ 1937ರಲ್ಲಿ ಭಾರತೀಯ ಆಹಾರಗಳ ಪೌಷ್ಟಿಕಾಂಶಗಳ ಪಟ್ಟಿ ಹೊರತಂದಾಗ ಮುಂದಿದ್ದ ಪ್ರಶ್ನೆ, ಜನಕ್ಕೆ ಸಾಕಷ್ಟು ಆಹಾರ ಸಿಗುತ್ತಿದೆಯೇ ಎಂಬುದು. ಆ ಪ್ರಯೋಗಾಲಯವೇ 1958ರಲ್ಲಿ ಹೈದರಾಬಾದಿಗೆ ಹೋಗಿ ಇಂದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯಾಗಿ ಬೆಳೆಯಿತು. ಅರ್ಥಶಾಸ್ತ್ರಜ್ಞರಾದ ದಾಂಡೇಕರ್ ಮತ್ತು ರಥ್ 1971ರಲ್ಲಿ ಬಡತನವನ್ನು ಗುರುತಿಸಲು ದಿನಕ್ಕೆ 2,250 ಕ್ಯಾಲೊರಿಯ ಗೆರೆ ಎಳೆದರು. 1979ರಲ್ಲಿ ಯೋಜನಾ ಆಯೋಗದ ಕಾರ್ಯಪಡೆ ಹಳ್ಳಿಗೆ 2,400, ಪಟ್ಟಣಕ್ಕೆ 2,100 ಎಂದು ನಿಗದಿ ಮಾಡಿತು. ಅಷ್ಟು ಆಹಾರ ಕೊಳ್ಳಲಾಗದವರು ಬಡವರು.

ಶಾಲೆಯ ಬಿಸಿಯೂಟವೂ ಇದೇ ಲೆಕ್ಕದ ಮೇಲೆ ನಿಂತಿದೆ. ಕಿರಿಯ ಪ್ರಾಥಮಿಕ ಮಗುವಿಗೆ 450 ಕ್ಯಾಲೊರಿ ಮತ್ತು 12 ಗ್ರಾಂ ಪ್ರೋಟೀನು, ಹಿರಿಯ ಪ್ರಾಥಮಿಕಕ್ಕೆ 700 ಕ್ಯಾಲೊರಿ ಮತ್ತು 20 ಗ್ರಾಂ ಪ್ರೋಟೀನು ಸಿಗಲೇಬೇಕೆಂಬುದು ಕೇಂದ್ರದ ಮಾನದಂಡ. ಅಲ್ಲಿ ಅದು ಇದಕ್ಕಿಂತ ಕಡಿಮೆಯಾಗಬಾರದೆಂಬ ಗೆರೆ. ಹತ್ತು ವರ್ಷ ಕಳೆದು ಅದೇ ಮಗು ನಗರದ ಹೋಟೆಲಿನಲ್ಲಿ ಕುಳಿತಾಗ, ಅದೇ ಅಳತೆ ಇದಕ್ಕಿಂತ ಹೆಚ್ಚಾಗಬಾರದೆಂಬ ಎಚ್ಚರಿಕೆಯಾಗಿ ಎದುರು ನಿಲ್ಲುತ್ತದೆ.

ಎರಡೂ ಎಚ್ಚರಿಕೆಗಳು ಇಲ್ಲಿ ಒಟ್ಟಿಗೇ ಬೇಕಾಗಿವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 30 ಮಂದಿ ತೂಕ ಮೀರಿದವರು, ಸುಮಾರು 17 ಮಂದಿ ತೂಕ ಸಾಲದವರು. ರಕ್ತಹೀನತೆ ಇರುವವರು ಹೆಚ್ಚುಕಡಿಮೆ ಅರ್ಧದಷ್ಟು. ಒಂದೇ ರಾಜ್ಯದಲ್ಲಿ, ಎಷ್ಟೋ ಸಲ ಒಂದೇ ಮನೆಯಲ್ಲಿ, ಎರಡೂ ತೊಂದರೆಗಳಿವೆ.

ನೋಡಿ ಬದಲಾದವರೆಷ್ಟು?

ಹೋಟೆಲು ಪಟ್ಟಿಯಲ್ಲಿ ಕ್ಯಾಲೊರಿ ಹಾಕಿಸುವ ಪ್ರಯೋಗವನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ಮಾಡಿದ್ದು 2008ರಲ್ಲಿ ನ್ಯೂಯಾರ್ಕ್ ನಗರ. ಮರುವರ್ಷ ಅಲ್ಲಿನ ಬಡ ಬಡಾವಣೆಗಳ ಅಧ್ಯಯನವೊಂದು ಪ್ರಕಟವಾಯಿತು. ಗಿರಾಕಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂಖ್ಯೆ ನೋಡಿದೆವು ಎಂದರು. ನೋಡಿದವರಲ್ಲಿ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚಿನವರು ಅದರಿಂದ ತಮ್ಮ ಆಯ್ಕೆ ಬದಲಾಯಿತು ಎಂದೂ ಹೇಳಿದರು. ಆದರೆ ಬಿಲ್ಲು ತೆಗೆದುಕೊಂಡು ಕೂಡಿಸಿ ನೋಡಿದರೆ ಮೊದಲಿಗೂ ಈಗಲೂ ವ್ಯತ್ಯಾಸ ಕಾಣಲಿಲ್ಲ! 2018ರಿಂದ ಅಮೆರಿಕದಾದ್ಯಂತ 20ಕ್ಕಿಂತ ಕಡಿಮೆಯಿಲ್ಲದಷ್ಟು ಶಾಖೆಗಳಿರುವ ಹೋಟೆಲುಗಳಿಗೆ ಈ ನಿಯಮ ಬಂತು. ಇಂಗ್ಲೆಂಡು 2022ರ ಏಪ್ರಿಲಿನಿಂದ 250 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಕಡ್ಡಾಯ ಮಾಡಿತು. 2024ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನವೂ ಹೆಚ್ಚುಕಡಿಮೆ ಅದೇ ಮಾತು ಹೇಳಿತು: ಗಮನಿಸಿದವರು ಹೆಚ್ಚಾದರು, ಕೊಂಡ ಕ್ಯಾಲೊರಿ ಗಮನಾರ್ಹವಾಗಿ ಇಳಿಯಲಿಲ್ಲ.

ಹಾಗಾದರೆ ಇದೆಲ್ಲ ದಂಡವೇ? ಹಾಗೂ ಅಲ್ಲ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆ 2025ರಲ್ಲಿ ಕೊಟ್ಟ ಲೆಕ್ಕದಂತೆ, ಕ್ಯಾಲೊರಿ ಬರೆದಾಗ ಜನ ಆರಿಸುವ ಊಟದಲ್ಲಿ ಸರಾಸರಿ ನೂರಕ್ಕೆ 1.8ರಷ್ಟು ಇಳಿಕೆ ಆಗುತ್ತದೆ. 600 ಕ್ಯಾಲೊರಿಯ ಊಟದಲ್ಲಿ ಅದು 11 ಕ್ಯಾಲೊರಿ, ಅಂದರೆ ಅರ್ಧ ಚಮಚ ಸಕ್ಕರೆ. ದಿನವೂ ಹನಿ ಹನಿಯಾಗಿ ಕೂಡಿದರೆ ಅಷ್ಟಾದರೂ ಆಯಿತಲ್ಲ ಎನ್ನುವವರಿದ್ದಾರೆ.

ಇನ್ನೊಂದು ಫಲ ಗಿರಾಕಿಗೆ ಕಾಣುವುದಿಲ್ಲ, ಅಡುಗೆಮನೆಯಲ್ಲಿ ಕಾಣುತ್ತದೆ. ಅಮೆರಿಕದ 59 ದೊಡ್ಡ ಹೋಟೆಲು ಸರಣಿಗಳ ಪಟ್ಟಿಗಳನ್ನು ಪರಿಶೀಲಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿಯಮ ಬಂದ ಮೇಲೆ ಹೊಸದಾಗಿ ಸೇರಿಸಿದ ತಿನಿಸುಗಳಲ್ಲಿ ಕ್ಯಾಲೊರಿ ಸುಮಾರು ಕಾಲುಭಾಗ ಕಡಿಮೆ ಇತ್ತು. ಹಳೆಯ ತಿನಿಸುಗಳು ಮಾತ್ರ ಇದ್ದ ಹಾಗೆಯೇ ಇದ್ದವು. ನಾಲ್ಕು ಜನರೆದುರು ಸಂಖ್ಯೆ ಬರೆಯಬೇಕಾದಾಗ ಹೋಟೆಲಿನವರಿಗೂ ಸ್ವಲ್ಪ ಸಂಕೋಚ ಬರುತ್ತದೆ ಎಂದಾಯಿತು.

ಹರೆಯದವರ ಮೇಲೆ ಸಂಖ್ಯೆ ಕೆಲಸ ಮಾಡದಿರಲು ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಕಾಲೇಜು ಬಿಟ್ಟು ನಾಲ್ಕು ಜನ ಗೆಳೆಯರು ಒಟ್ಟಿಗೆ ಹೊರಟಾಗ ಮೊದಲು ನೋಡುವುದು ಜೇಬು. ಆಮೇಲೆ ಹೊಟ್ಟೆ ತುಂಬುತ್ತದೆಯೇ, ರುಚಿ ಹೇಗಿದೆ, ಉಳಿದವರು ಏನು ಹೇಳಿದರು ಎಂಬುದು. ಮೂವರು ಗೋಬಿ ಮಂಚೂರಿ ಹೇಳಿದ ಮೇಲೆ ನಾಲ್ಕನೆಯವನೊಬ್ಬನೇ ಎರಡು ಇಡ್ಲಿ ಹೇಳಲು ಎದೆ ಬೇಕು.

ಯಾರ 2,000?

ಪಟ್ಟಿಯ ಕೆಳಗಿನ 2,000 ಎಂಬ ಅಂಕಿಯನ್ನು ಮನೆಮಂದಿ ಕೂತು ಸರಿಯಾಗಿ ಓದಬೇಕು. ಅದು ವಯಸ್ಕರೆಲ್ಲರನ್ನೂ ಒಟ್ಟು ಹಿಡಿದ ಒಂದು ಅಂದಾಜು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ 2020ರಲ್ಲಿ ಕೊಟ್ಟ ಪಟ್ಟಿ ಹೀಗಿದೆ. 65 ಕಿಲೊ ತೂಕದ, ಕುಳಿತು ಕೆಲಸ ಮಾಡುವ ಗಂಡಸಿಗೆ ದಿನಕ್ಕೆ 2,110. ಮೈಮುರಿದು ದುಡಿಯುವವನಿಗೆ 3,470. 55 ಕಿಲೊ ತೂಕದ, ಕುಳಿತು ಕೆಲಸ ಮಾಡುವ ಹೆಂಗಸಿಗೆ 1,660. ಕಷ್ಟದ ಕೆಲಸದವಳಿಗೆ 2,720. ಇನ್ನು 16ರಿಂದ 18 ವರ್ಷದ ಹುಡುಗನಿಗೆ 3,320, ಅದೇ ವಯಸ್ಸಿನ ಹುಡುಗಿಗೆ 2,500.

ದೋಣಿಗಲ್ಲಿನ ಹೋಟೆಲಿನ ಒಂದೇ ಮೇಜಿಗೆ ಬರುವವರನ್ನು ನೆನೆದರೆ ಈ ಅಂಕಿಗಳು ಬೇಗ ಅರ್ಥವಾಗುತ್ತವೆ. ಇಳಿಜಾರಿನ ತೋಟದಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಾಫಿ ಹಣ್ಣು ಕೊಯ್ದು ಮೂಟೆ ಹೊರುವವರಿಗೆ ಎರಡು ಪರೋಟ ಏನೇನೂ ಅಲ್ಲ. ಕಾರಿನಲ್ಲಿ ನಾಲ್ಕು ಗಂಟೆ ಕುಳಿತು ಬಂದು ಮತ್ತೆ ಮೂರು ಗಂಟೆ ಕುಳಿತು ಹೋಗುವವರಿಗೆ ಅದೇ ಎರಡು ಪರೋಟ ಹೆಚ್ಚು. ಬೆಳೆಯುವ ವಯಸ್ಸಿನ, ಆಟವಾಡುವ ಹುಡುಗನಿಗೆ 2,000 ಸಾಲದು. ಅವನು ಆ ಅಂಕಿಗೆ ತನ್ನನ್ನು ಕಟ್ಟಿಹಾಕಿಕೊಂಡರೆ ಮೈ ಬೆಳೆಯಬೇಕಾದ ಕಾಲದಲ್ಲಿ ಅರೆಹೊಟ್ಟೆ ಆಗುತ್ತದೆ. ಅದೇ ಹುಡುಗ ಆಟ ಬಿಟ್ಟು, ಬೆಳಗ್ಗೆ ಕೋಚಿಂಗು, ರಾತ್ರಿ ಮೊಬೈಲು ಎಂದು ಕೂತಲ್ಲೇ ಕೂತರೆ 3,320 ಕೂಡ ಅವನ ಅಂಕಿಯಲ್ಲ.

ಒಂದೇ ಸಂಖ್ಯೆ, ಬೇರೆ ಸರಕು

ಕ್ಯಾಲೊರಿ ಎಷ್ಟೆಂದು ಹೇಳುತ್ತದೆಯೇ ಹೊರತು ಎಂಥದ್ದೆಂದು ಹೇಳುವುದಿಲ್ಲ. ಒಂದು ಕೋಳಿಮೊಟ್ಟೆಯಲ್ಲಿ ಸುಮಾರು 75 ಕ್ಯಾಲೊರಿ, ಅದರ ಜೊತೆ 6 ಗ್ರಾಂನಷ್ಟು ಒಳ್ಳೆಯ ಪ್ರೋಟೀನು. ನಾಲ್ಕು ಚಮಚ ಸಕ್ಕರೆಯಲ್ಲಿ 80 ಕ್ಯಾಲೊರಿ, ಜೊತೆಗೆ ಬೇರೇನೂ ಇಲ್ಲ. ಪಟ್ಟಿಯ ಸಂಖ್ಯೆ ಮಾತ್ರ ನೋಡಿದರೆ ಎರಡೂ ಒಂದೇ. ರಕ್ತಹೀನತೆಯಿಂದ ಬಳಲುವ ಹುಡುಗಿಗೆ ಬೇಕಾದ ಕಬ್ಬಿಣ ಯಾವ ತಿನಿಸಿನಲ್ಲಿದೆ ಎಂದು ಆ ಸಂಖ್ಯೆ ತಿಳಿಸದು. 2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಅಂಥ ಬಣ್ಣದ ಸುದ್ದಿಯೂ ಕ್ಯಾಲೊರಿಯಲ್ಲಿ ಸಿಗುವುದಿಲ್ಲ.

ಮಲೆನಾಡಿನವರಿಗೆ ಗೊತ್ತಿರುವ ಕಾಫಿಯನ್ನೇ ತೆಗೆದುಕೊಳ್ಳಿ. ಹಾಲು, ಸಕ್ಕರೆ ಇಲ್ಲದ ಒಂದು ಲೋಟ ಕಾಫಿಯಲ್ಲಿ ಕ್ಯಾಲೊರಿ ಇಲ್ಲವೆನ್ನುವಷ್ಟು ಕಡಿಮೆ. ನೂರು ಮಿಲಿಲೀಟರು ಹಾಲು, ಎರಡು ಚಮಚ ಸಕ್ಕರೆ ಹಾಕಿದರೆ ನೂರರ ಆಸುಪಾಸು. ಅದೇ ಕಾಫಿ ನಗರದ ಅಂಗಡಿಯಲ್ಲಿ ಎತ್ತರದ ಗಾಜಿನ ಲೋಟದೊಳಗೆ ಐಸ್‌ಕ್ರೀಮು, ಚಾಕೊಲೇಟು ಪಾಕ, ಕೆನೆಗಳ ಜೊತೆ ಬಂದಾಗ ಒಂದು ಊಟಕ್ಕೆ ಸಮನಾಗಬಹುದು. ಊಟ ಮಾಡಿದ ಮೇಲೆ ಅದನ್ನು ಕುಡಿದವರಿಗೆ ಎರಡು ಊಟ ಆಯಿತು ಎಂಬ ಅರಿವಿರುವುದಿಲ್ಲ. ಪಟ್ಟಿಯ ಸಂಖ್ಯೆ ನಿಜವಾಗಿ ಉಪಯೋಗಕ್ಕೆ ಬರುವುದು ಇಂಥ ಕಡೆ. ಕುಡಿಯುವ ವಸ್ತುಗಳಲ್ಲಿ ಅಡಗಿರುವುದನ್ನು ಅದು ಬಯಲು ಮಾಡುತ್ತದೆ.

ಸಂಖ್ಯೆಯ ಭಯ

ಇನ್ನೊಂದು ಮುಖವನ್ನು ಹೆತ್ತವರು ತಿಳಿದಿರಬೇಕು. ಇಂಗ್ಲೆಂಡಿನಲ್ಲಿ ನಿಯಮ ಬಂದಾಗ, ಊಟದ ಬಗೆಗಿನ ಮಾನಸಿಕ ಕಾಯಿಲೆಗಳಿಂದ ನರಳುವವರ ಪರವಾಗಿ ಕೆಲಸ ಮಾಡುವ ಬೀಟ್ ಎಂಬ ಸಂಸ್ಥೆ ಅದನ್ನು ವಿರೋಧಿಸಿತು. ತೂಕದ ಚಿಂತೆ ಹಿಡಿದ ಹುಡುಗ ಹುಡುಗಿಯರಿಗೆ ಪ್ರತಿ ತುತ್ತಿನ ಎದುರೂ ಅಂಕಿ ಕಂಡರೆ ಕಾಯಿಲೆ ಹೆಚ್ಚಾಗುತ್ತದೆ ಎಂಬುದು ಅದರ ವಾದ. ಕೇಳಿದವರಿಗೆ ಕ್ಯಾಲೊರಿ ಇಲ್ಲದ ಪಟ್ಟಿಯನ್ನು ಕೊಡಲು ಅಲ್ಲಿನ ನಿಯಮದಲ್ಲಿ ಅವಕಾಶವಿದೆ. ಮನೆಗೆ ಬಂದ ಮಗಳು ಪ್ರತಿಯೊಂದನ್ನೂ ಮೊಬೈಲಿನಲ್ಲಿ ಲೆಕ್ಕ ಹಾಕಿ ತಿನ್ನುತ್ತಿದ್ದರೆ, ಅನ್ನ ಕಂಡರೆ ತಟ್ಟೆ ದೂಡುತ್ತಿದ್ದರೆ, ಮೆಚ್ಚಿಕೊಳ್ಳುವ ಮೊದಲು ಒಂದು ಮಾತು ಕೇಳಬೇಕು. ‘ದಪ್ಪಗಾಗಿದ್ದೀಯ’, ‘ಸೊರಗಿದ್ದೀಯ’ ಎಂದು ಬಂದ ನೆಂಟರೆಲ್ಲ ಬಾಗಿಲಲ್ಲೇ ತೀರ್ಪು ಕೊಡುವ ನಮ್ಮ ಅಭ್ಯಾಸವನ್ನೂ ಸ್ವಲ್ಪ ಹಿಡಿತದಲ್ಲಿಡಬೇಕು. ಊಟ ಬಿಡುವುದು ಹೆಚ್ಚಾದರೆ ವೈದ್ಯರನ್ನು ಕಾಣುವುದೇ ಸರಿ.

ಮನೆಯಿಂದ ಹೊರಡುವ ಮುನ್ನ

ಬೋರ್ಡಿನಲ್ಲಿ ಸಂಖ್ಯೆ ಇಲ್ಲದ ಹೋಟೆಲಿನಲ್ಲೂ ತಟ್ಟೆಯನ್ನು ಅಂದಾಜು ಮಾಡುವುದು ಕಷ್ಟವಲ್ಲ. ಅದಕ್ಕೆ ಕೆಲವು ಕೈಲೆಕ್ಕಗಳು ಸಾಕು:

- ಒಂದು ಸಣ್ಣ ಚಮಚ ಸಕ್ಕರೆ 5 ಗ್ರಾಂ, 20 ಕ್ಯಾಲೊರಿ. 250 ಮಿಲಿಲೀಟರಿನ ತಂಪು ಪಾನೀಯದಲ್ಲಿ ಇಂಥ ಐದು ಚಮಚದಷ್ಟು ಸಕ್ಕರೆ ಇರುವುದು ಸಾಮಾನ್ಯ.
- ಒಂದು ದೊಡ್ಡ ಚಮಚ ಎಣ್ಣೆ ಸುಮಾರು 120 ಕ್ಯಾಲೊರಿ. ಅದು ಕಡಲೆಕಾಯಿಯದಾಗಲಿ, ಸೂರ್ಯಕಾಂತಿಯದಾಗಲಿ ಲೆಕ್ಕ ಒಂದೇ.
- ದೋಸೆಯ ಮೇಲೆ 10 ಗ್ರಾಂ ಬೆಣ್ಣೆ ಬಿದ್ದರೆ 70ಕ್ಕೂ ಹೆಚ್ಚು.
- 50 ಗ್ರಾಂ ಗೋಧಿ ಹಿಟ್ಟಿನ ಚಪಾತಿ ಮತ್ತು ಪೂರಿಗಳಲ್ಲಿ ಹಿಟ್ಟಿನ ಕ್ಯಾಲೊರಿ ಒಂದೇ. ಪೂರಿ 10 ಗ್ರಾಂ ಎಣ್ಣೆ ಹೀರಿದರೆ ಅದರ ಮೇಲೆ 90.

ಸಕ್ಕರೆಯ ಕ್ಯಾಲೊರಿ ದಿನದ ಒಟ್ಟು ಕ್ಯಾಲೊರಿಯ ಹತ್ತನೆಯ ಒಂದು ಭಾಗ ಮೀರಬಾರದು, ಇಪ್ಪತ್ತನೆಯ ಒಂದು ಭಾಗಕ್ಕೆ ಇಳಿದರೆ ಇನ್ನೂ ಮೇಲು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. 2,000ದ ಲೆಕ್ಕದಲ್ಲಿ ಮೊದಲನೆಯದು ಹತ್ತು ಚಮಚ, ಎರಡನೆಯದು ಐದು. 2025ರಲ್ಲಿ ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಳಿ ತನ್ನ ಶಾಲೆಗಳಲ್ಲಿ ಯಾವ ತಿನಿಸಿನಲ್ಲಿ ಎಷ್ಟು ಸಕ್ಕರೆ ಇದೆಯೆಂದು ತೋರಿಸುವ ಫಲಕ ಹಾಕಲು ಸೂಚಿಸಿದ್ದು ಇದೇ ಉದ್ದೇಶದಿಂದ. ಶಾಲೆಯ ಆವರಣದಲ್ಲಿ ಮತ್ತು ಅದರ 50 ಮೀಟರು ಸುತ್ತಳತೆಯಲ್ಲಿ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸು ಮಾರಬಾರದೆಂಬ ನಿಯಮ 2020ರದ್ದು. ಕಾಲೇಜು ಸೇರಿದ ಮೇಲೆ ಇಂಥ ಬೇಲಿ ಇರುವುದಿಲ್ಲ. ಅಷ್ಟರೊಳಗೆ ಮಕ್ಕಳಿಗೆ ಸ್ವಂತ ಅಂದಾಜು ಬಂದಿರಬೇಕು.

ಆ ಅಂದಾಜು ಬರಲು ಒಂದು ಸುಲಭ ಪ್ರಯೋಗವಿದೆ. ಮನೆಗೆ ಒಂದು ಲೀಟರು ಎಣ್ಣೆ ತಂದು ಒಡೆದ ದಿನ ಮಗನೋ ಮಗಳೋ ಕ್ಯಾಲೆಂಡರಿನಲ್ಲಿ ಗುರುತು ಹಾಕಲಿ, ಮುಗಿದ ದಿನ ಇನ್ನೊಂದು ಗುರುತು. ಒಂದು ಲೀಟರು ಎಣ್ಣೆಯ ತೂಕ ಸುಮಾರು 910 ಗ್ರಾಂ. ನಾಲ್ಕು ಜನರ ಮನೆಯಲ್ಲಿ ಅದು ಹತ್ತು ದಿನಕ್ಕೆ ಮುಗಿದರೆ ಒಬ್ಬೊಬ್ಬರ ಪಾಲಿಗೆ ದಿನಕ್ಕೆ ಸುಮಾರು 23 ಗ್ರಾಂ, ಅಂದರೆ 205 ಕ್ಯಾಲೊರಿಯಷ್ಟು. ಆರೇ ದಿನಕ್ಕೆ ಮುಗಿದರೆ ಎಷ್ಟಾಯಿತೆಂದು ಅವರೇ ಭಾಗಿಸಿ ಹೇಳಲಿ. ಅಡುಗೆಮನೆಯಲ್ಲಿ ಒಮ್ಮೆ ಈ ಲೆಕ್ಕ ಹಾಕಿ ಹೊರಟ ಮಕ್ಕಳಿಗೆ ನಗರದ ತಿಂಡಿಪಟ್ಟಿಯ ಸಂಖ್ಯೆ ಅಪರಿಚಿತವಾಗಿ ಕಾಣುವುದಿಲ್ಲ. ಹಸಿದಾಗ ಹೊಟ್ಟೆತುಂಬ ಉಣ್ಣಲು, ಸಾಕೆನಿಸಿದಾಗ ತಟ್ಟೆ ಬಿಟ್ಟು ಏಳಲು ಅವರಿಗೆ ಬೇರೆಯವರ ಅಪ್ಪಣೆ ಬೇಕಾಗುವುದಿಲ್ಲ.